ಫೈರ್‌ಕ್ರ್ಯಾಕರ್ ಪೆನ್‌ಸ್ಟೆಮನ್ ಬಾಡುತ್ತಿದೆಯಾ? ಪೈಪ್ ಎತ್ತುವ ಮೊದಲು ಬುಡ ನೋಡಿ

ಜುಲೈ ತಿಂಗಳ ಮಧ್ಯಾಹ್ನ. ವಸಂತದಲ್ಲಿ ನೆಟ್ಟ ಪೆನ್‌ಸ್ಟೆಮನ್ ಹೂಗಿಡ ಎಲೆಗಳನ್ನು ಇಳಿಬಿಟ್ಟು ನಿಂತಿದೆ. ಕೈ ತಾನಾಗಿಯೇ ನೀರಿನ ಪೈಪಿನ ಕಡೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ತೋಟದಲ್ಲಿ ಈ ಗಿಡ ಬಾಯಾರಿ ಸಾಯುವುದು ಕಡಿಮೆ. ನೀರು ಜಾಸ್ತಿಯಾಗಿ ಸಾಯುವುದೇ ಹೆಚ್ಚು. ಕಷ್ಟ ಏನೆಂದರೆ, ಎರಡೂ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಕೊಳೆತ ಬೇರು ನೀರು ಹೀರುವುದಿಲ್ಲ. ಸುತ್ತ ಮಣ್ಣು ಒದ್ದೆ ಇದ್ದರೂ ಎಲೆಗೆ ನೀರು ಏರುವುದಿಲ್ಲ, ಎಲೆ ಬಾಡುತ್ತದೆ. ಬಾಡಿದ ಎಲೆ ನೋಡಿ ನಾವು ಇನ್ನೊಂದಿಷ್ಟು ನೀರು ಸುರಿಯುತ್ತೇವೆ. ಉಳಿದಿದ್ದ ನಾಲ್ಕು ಬೇರೂ ಹೋಗುತ್ತವೆ.

ನಾನು ಈ ಗಿಡಗಳನ್ನು ಬೆಳೆಸುವುದು ಅಮೆರಿಕದ ಯೂಟಾ ರಾಜ್ಯದಲ್ಲಿ, ವಾಸಾಚ್ ಬೆಟ್ಟಸಾಲಿನ ಬುಡದಲ್ಲಿ. ಇದು ಪೆನ್‌ಸ್ಟೆಮನ್‌ಗಳ ತವರು. ಈ ಕುಲದಲ್ಲಿ ಸುಮಾರು 280 ಜಾತಿಗಳಿವೆ, ಎಲ್ಲವೂ ಉತ್ತರ ಅಮೆರಿಕದವು. ಅವುಗಳಲ್ಲಿ ಅತಿ ಹೆಚ್ಚು ಜಾತಿಗಳು ಸಿಗುವುದು ಯೂಟಾದಲ್ಲೇ. ಫೈರ್‌ಕ್ರ್ಯಾಕರ್ ಅಂದರೆ ಪೆನ್‌ಸ್ಟೆಮನ್ ಈಟೋನಿಯೈ. ಸಸ್ಯಶಾಸ್ತ್ರಜ್ಞ ಡೇನಿಯಲ್ ಕೇಡಿ ಈಟನ್ ಅವರ ಹೆಸರನ್ನು ಇನ್ನೊಬ್ಬ ಸಸ್ಯಶಾಸ್ತ್ರಜ್ಞ ಏಸಾ ಗ್ರೇ 1872ರಲ್ಲಿ ಇದಕ್ಕೆ ಇಟ್ಟರು. ಉದ್ದ ಕಡ್ಡಿಯ ಒಂದೇ ಪಕ್ಕದಲ್ಲಿ ಕೆಂಪು ಕೊಳವೆ ಹೂಗಳು ಸಾಲಾಗಿ ತೂಗುತ್ತವೆ, ನೋಡಿದರೆ ಪಟಾಕಿ ಸರವೇ. ಕೆಳಗೆ ಮೊಹಾವಿ ಮರುಭೂಮಿಯ ಅಂಚಿನಿಂದ ಮೇಲೆ ಪೈನ್ ಮರಗಳಿರುವ ಬೆಟ್ಟದವರೆಗೂ ಇದು ಬೆಳೆಯುತ್ತದೆ. ಝೈಯನ್ ರಾಷ್ಟ್ರೀಯ ಉದ್ಯಾನದಲ್ಲಿ ಕೆಂಪು ಮರಳುಗಲ್ಲಿನ ಬಿರುಕಿನಲ್ಲಿ, ಬರೀ ಮರಳು ಮತ್ತು ಕಲ್ಲುಚೂರಿನ ಮೇಲೆ ಇದು ಅರಳಿ ನಿಂತಿದ್ದನ್ನು ಒಮ್ಮೆ ನೋಡಿದರೆ ಸಾಕು, ಇದಕ್ಕೆ ಏನು ಬೇಕು, ಏನು ಬೇಡ ಅನ್ನುವುದು ಅರ್ಧ ಗೊತ್ತಾಗುತ್ತದೆ.

ಮೊದಲು: ನಿಮ್ಮ ಹತ್ತಿರ ಇರುವುದು ಯಾವ ಪೆನ್‌ಸ್ಟೆಮನ್?

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ನರ್ಸರಿಯಲ್ಲಿ ‘ಪೆನ್‌ಸ್ಟೆಮನ್’ ಅಂತ ಬರೀ ಒಂದು ಪದ ಬರೆದ ಚೀಟಿ ಅಂಟಿಸಿ ಮಾರುವುದುಂಟು. ಅದರಡಿ ಏನು ಬೇಕಾದರೂ ಇರಬಹುದು. ದೊಡ್ಡ ದೊಡ್ಡ ಗಂಟೆಯಂಥ ಹೂ ಬಿಡುವ ತೋಟದ ಹೈಬ್ರಿಡ್‌ಗಳಿಗೆ ಒಳ್ಳೆಯ ಮಣ್ಣು, ಆಗಾಗ ನೀರು ಬೇಕು. ‘ಹಸ್ಕರ್ ರೆಡ್’ ಅನ್ನುವ ಕೆಂಗಂದು ಎಲೆಯ ತಳಿ ಬಹಳ ಜನಪ್ರಿಯ, 1996ರಲ್ಲಿ ಅಮೆರಿಕದಲ್ಲಿ ವರ್ಷದ ಬಹುವಾರ್ಷಿಕ ಗಿಡ ಅಂತ ಆಯ್ಕೆಯಾಗಿತ್ತು. ಅದರ ಮೂಲ ಅಮೆರಿಕದ ಪೂರ್ವಭಾಗದ ಹುಲ್ಲುಗಾವಲು, ಜೇಡಿಮಣ್ಣನ್ನೂ ತಡೆದುಕೊಳ್ಳುತ್ತದೆ. ಇಲ್ಲಿ ನಾನು ಹೇಳುವ ಮಾತುಗಳನ್ನು ಅವಕ್ಕೆ ಅನ್ವಯಿಸಿದರೆ ಅವು ಒಣಗುತ್ತವೆ. ಬೆಟ್ಟ ಮತ್ತು ಮರುಭೂಮಿಯ ಗುಂಪು ಅಂದರೆ ಈಟೋನಿಯೈ, ಪಾಮೆರಿ, ಪ್ಯಾರಿಯೈ, ಬಾರ್ಬೇಟಸ್, ಸ್ಟ್ರಿಕ್ಟಸ್, ಪಿನಿಫೋಲಿಯಸ್ ಇಂಥವು.

ಚೀಟಿ ಕಳೆದುಹೋಗಿದ್ದರೆ ಎಲೆ ನೋಡಿ. ಈಟೋನಿಯೈ ಎಲೆ ಕಡು ಹಸಿರು, ಸ್ವಲ್ಪ ಹೊಳಪು, ಅಂಚು ನುಣುಪು. ಕಡ್ಡಿಯ ಮೇಲೆ ಎದುರುಬದುರು ಜೋಡಿಯಾಗಿ ಕೂತಿರುತ್ತದೆ. ಪಾಮೆರಿಯ ಎಲೆ ಬೂದು ನೀಲಿ, ಅಂಚಿನಲ್ಲಿ ಹಲ್ಲು, ಮೇಲಿನ ಜೋಡಿ ಎಲೆಗಳ ಬುಡ ಕೂಡಿಕೊಂಡು ಕಡ್ಡಿ ಅವುಗಳ ನಡುವೆ ತೂರಿಬಂದಂತೆ ಕಾಣುತ್ತದೆ. ಪೆನ್‌ಸ್ಟೆಮನ್ ಹೌದೋ ಅಲ್ಲವೋ ಅನ್ನುವುದೇ ಸಂಶಯವಾದರೆ ಒಂದು ಹೂವನ್ನು ಉಗುರಿನಿಂದ ಉದ್ದಕ್ಕೆ ಸೀಳಿ. ಒಳಗೆ ಐದು ಕೇಸರ ಇರಬೇಕು. ನಾಲ್ಕರ ತುದಿಯಲ್ಲಿ ಪರಾಗದ ಚೀಲ ಇರುತ್ತದೆ. ಐದನೆಯದು ಬರಡು, ಸುಮ್ನೆ ಒಂದು ಕಡ್ಡಿಯಂತೆ ಕೆಳಗೆ ಮಲಗಿರುತ್ತದೆ. ಎಷ್ಟೋ ಜಾತಿಗಳಲ್ಲಿ ಅದರ ಮೇಲೆ ಗಡ್ಡದಂತೆ ಕೂದಲು ಇರುತ್ತದೆ.

ಬಾಡಿದ ಗಿಡ: ಮೂರು ಪರೀಕ್ಷೆ

ಒಂದನೆಯದು, ಬೆಳಗಿನ ಪರೀಕ್ಷೆ. ಮಧ್ಯಾಹ್ನ ಮೂರು ಗಂಟೆಗೆ ಬಾಡಿದ ಎಲೆಯನ್ನು ನಂಬಬೇಡಿ. 38 ಡಿಗ್ರಿ ಬಿಸಿಲಿನಲ್ಲಿ ಆರೋಗ್ಯವಾಗಿರುವ ಗಿಡವೂ ಎಲೆ ಇಳಿಬಿಡುತ್ತದೆ. ಮಾರನೆಯ ದಿನ ಬಿಸಿಲು ಬೀಳುವ ಮೊದಲು ಹೋಗಿ ನೋಡಿ. ಎಲೆ ಎದ್ದು ನಿಂತಿದ್ದರೆ ಅದು ಬರೀ ಬಿಸಿಲಿನ ಆಟ, ಏನೂ ಮಾಡಬೇಕಾಗಿಲ್ಲ. ಬೆಳಗಿನ ತಂಪಿನಲ್ಲೂ ಜೋತುಬಿದ್ದಿದ್ದರೆ ಮುಂದಿನ ಪರೀಕ್ಷೆ ಮಾಡಿ.

ಎರಡನೆಯದು, ಬೆರಳಿನ ಪರೀಕ್ಷೆ. ಬುಡದಿಂದ ಒಂದು ಗೇಣು ದೂರದಲ್ಲಿ ಒಂದು ತೂತು, ಬುಡಕ್ಕೆ ಅಂಟಿಕೊಂಡಂತೆ ಇನ್ನೊಂದು. ಎರಡರಲ್ಲೂ 10 ಸೆಂಟಿಮೀಟರ್ ಆಳಕ್ಕೆ ಬೆರಳೋ ಸಣ್ಣ ಕೈಗುದ್ದಲಿಯೋ ಇಳಿಸಿ. ಮೇಲಿನ ಮಣ್ಣು ಬೂದಿಯಂತೆ ಒಣಗಿದ್ದು ಕೆಳಗೆ ಒದ್ದೆ ಇರುವುದು ಇಲ್ಲಿ ಮಾಮೂಲು, ಆದ್ದರಿಂದ ಮೇಲೆ ಮುಟ್ಟಿ ನೋಡಿದರೆ ಏನೂ ತಿಳಿಯುವುದಿಲ್ಲ. ಎರಡು ತೂತು ಯಾಕೆ ಅಂದರೆ, ನರ್ಸರಿ ಕುಂಡದ ಮಣ್ಣು ಒಂದು ಥರ, ನಿಮ್ಮ ನೆಲದ ಮಣ್ಣು ಇನ್ನೊಂದು ಥರ. ಒಂದು ಒದ್ದೆ ಇದ್ದು ಇನ್ನೊಂದು ಒಣಗಿರಬಹುದು.

ಮೂರನೆಯದೇ ಮುಖ್ಯ: ಬುಡದ ಪರೀಕ್ಷೆ. ಕಾಂಡ ಮತ್ತು ಬೇರು ಸೇರುವ ಜಾಗವನ್ನು ಇಲ್ಲಿನವರು ಕ್ರೌನ್ ಅನ್ನುತ್ತಾರೆ. ಈ ಗಿಡದ ಪ್ರಾಣ ಇರುವುದು ಅಲ್ಲಿ. ಸುತ್ತಲಿನ ಮಣ್ಣನ್ನು, ಜಲ್ಲಿಯನ್ನು ಬೆರಳಿನಿಂದ ಸರಿಸಿ ಆ ಜಾಗವನ್ನು ಬಯಲು ಮಾಡಿ. ಮೆಲ್ಲಗೆ ಒತ್ತಿ. ಗಟ್ಟಿಯಾಗಿದ್ದರೆ ಒಳ್ಳೆಯದು. ಮೆತ್ತಗೆ, ಕಂದು ಬಣ್ಣಕ್ಕೆ ತಿರುಗಿ ಸಿಪ್ಪೆ ಜಾರುತ್ತಿದ್ದರೆ ಕೊಳೆ ಹಿಡಿದಿದೆ. ಉಗುರಿನಿಂದ ತುಸು ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಆ ಕೊಂಬೆಗೆ ಜೀವ ಇದೆ. ಕಂದು ಕಂಡರೆ ಇಲ್ಲ. ಕೊನೆಗೆ ಒಂದು ಕಡ್ಡಿಯನ್ನು ಹಗುರವಾಗಿ ಎಳೆಯಿರಿ. ಆರೋಗ್ಯದ ಗಿಡ ಬಿಡುವುದಿಲ್ಲ. ಕೊಳೆತದ್ದು ಬೆಣ್ಣೆಯಲ್ಲಿ ಚುಚ್ಚಿದ ಕಡ್ಡಿಯಂತೆ ಕೈಗೆ ಬಂದುಬಿಡುತ್ತದೆ.

ಮೂರನ್ನೂ ಸೇರಿಸಿ ಓದಿ. ಬುಡ ಗಟ್ಟಿ, ಎರಡೂ ತೂತು ಒಣ: ನಿಜವಾಗಿಯೂ ಬಾಯಾರಿದೆ, ನಿಧಾನವಾಗಿ ಆಳಕ್ಕೆ ಇಳಿಯುವಂತೆ ನೀರು ಕೊಡಿ. ಬುಡ ಗಟ್ಟಿ, ಮಣ್ಣು ಒದ್ದೆ: ಈಗಿನ್ನೂ ಸಮಯ ಇದೆ, ನೀರು ನಿಲ್ಲಿಸಿ, ಬುಡಕ್ಕೆ ಗಾಳಿ ಆಡಲು ಬಿಡಿ. ಬುಡ ಮೆತ್ತಗೆ, ಮಣ್ಣು ಒದ್ದೆ: ಕೊಳೆ. ಫೈಟಾಫ್ತೊರಾ, ಪಿಥಿಯಂ, ರೈಜೊಕ್ಟೋನಿಯಾ, ಫ್ಯುಸೇರಿಯಂ, ಬೇರು ಕೊಳೆಸುವ ಈ ಸೂಕ್ಷ್ಮಜೀವಿಗಳಲ್ಲಿ ಯಾವುದೋ ಒಂದು. ಯಾವುದು ಅಂತ ಮನೆಯಲ್ಲಿ ಹೇಳಲಾಗದು, ಹೇಳಬೇಕಾದ ಅಗತ್ಯವೂ ಇಲ್ಲ. ಎಲ್ಲದಕ್ಕೂ ದಾರಿ ಮಾಡಿಕೊಡುವುದು ನಿಂತ ತೇವವೇ. ಅರ್ಧ ಬುಡ ಇನ್ನೂ ಗಟ್ಟಿ ಇದ್ದರೆ ಕೊಳೆತ ಕೊಂಬೆಗಳನ್ನು ಕತ್ತರಿಸಿ, ಮಣ್ಣನ್ನು ಸರಿಸಿ ಒಣಗಲು ಬಿಡಿ. ಕೆಲವು ಗಿಡ ಚೇತರಿಸಿಕೊಳ್ಳುತ್ತವೆ. ಬುಡ ಪೂರ್ತಿ ಮೆತ್ತಗಾದ ಗಿಡ ಉಳಿಯುವುದಿಲ್ಲ. ಶಿಲೀಂಧ್ರನಾಶಕ ಸುರಿದು ದುಡ್ಡು, ಸಮಯ ಕಳೆಯಬೇಡಿ. ಮೇಲೆ ಹಸಿರು ಕಡ್ಡಿ ಉಳಿದಿದ್ದರೆ, ಹೂ ಬಿಡದ ಒಂದೆರಡು ತುದಿಗಳನ್ನು ಕತ್ತರಿಸಿ ಒದ್ದೆ ಮರಳಿನಲ್ಲಿ ನೆಡಿ. ಬೇರು ಬಿಟ್ಟರೆ ಅದೇ ಗಿಡ ಮತ್ತೆ ಸಿಕ್ಕಂತೆ.

ಇನ್ನೊಂದು ಸಾಧ್ಯತೆ ಇದೆ: ಬುಡ ಗಟ್ಟಿ, ಮಣ್ಣೂ ಹದವಾಗಿದೆ, ಆದರೂ ಒಂದೊಂದೇ ಕೊಂಬೆ ಬಾಡುತ್ತಿದೆ. ಆಗ ಬುಡದ ಹತ್ತಿರ ಕಣ್ಣಿಟ್ಟು ನೋಡಿ. ಮರದ ಪುಡಿಯಂಥ ಹಿಕ್ಕೆ ಬಿದ್ದಿದೆಯಾ? ಪೆನ್‌ಸ್ಟೆಮೋನಿಯಾ ಅನ್ನುವ ಪತಂಗದ ಮರಿಗಳು ಈ ಗಿಡಗಳ ಬುಡ ಮತ್ತು ಬೇರನ್ನೇ ಕೊರೆದು ಬದುಕುತ್ತವೆ. ಹೆಸರೇ ಹೇಳುತ್ತದೆ, ಅಲ್ವಾ? ಕೊರೆದ ಕೊಂಬೆಯನ್ನು ಬುಡದವರೆಗೆ ಕತ್ತರಿಸಿ ತೆಗೆಯುವುದೇ ಸರಿಯಾದ ದಾರಿ.

ಸತ್ತ ಗಿಡವನ್ನು ಕಿತ್ತು ನೋಡಿ

ಗಿಡ ಹೋಯಿತು ಅಂತ ಸುಮ್ನೆ ಕಿತ್ತು ಎಸೆಯಬೇಡಿ. ಅದರ ಬೇರಿನಷ್ಟು ಸರಿಯಾಗಿ ಯಾರೂ ನಿಮಗೆ ಕಾರಣ ಹೇಳುವುದಿಲ್ಲ.

ಒಂದು ವರ್ಷ ಮೂರು ಈಟೋನಿಯೈ ಗಿಡ ತಂದು ಮೇ ತಿಂಗಳಲ್ಲಿ ನೆಟ್ಟೆ. ಡ್ರಿಪ್ ಕೊಳವೆ ಎಳೆದು ಪ್ರತಿ ಗಿಡದ ಬುಡಕ್ಕೆ ಸರಿಯಾಗಿ ಒಂದೊಂದು ಹನಿಬಾಯಿ ಇಟ್ಟೆ. ಜುಲೈ ಮುಗಿಯುವಷ್ಟರಲ್ಲಿ ಎರಡು ಹೋದವು. ಮೊದಲನೆಯದನ್ನು ಸನಿಕೆಯಿಂದ ಎತ್ತಿ ಕಟ್ಟೆಯ ಮೇಲೆ ಇಟ್ಟು ನೋಡಿದೆ. ಬೇರಿನ ಮುದ್ದೆ ಇನ್ನೂ ಕುಂಡದ ಆಕಾರದಲ್ಲೇ ಇತ್ತು. ತಳ ಚಪ್ಪಟೆ, ಪಕ್ಕ ನೇರ, ಕುಂಡದ ತಳದ ಗೆರೆಗಳ ಅಚ್ಚು ಸಹ ಅಳಿಸಿರಲಿಲ್ಲ. ಒಂದೇ ಒಂದು ಬೇರೂ ಹೊರಗೆ ಹೋಗಿರಲಿಲ್ಲ. ಕುಂಡದ ಮಣ್ಣೆಲ್ಲ ಕಪ್ಪು ಪೀಟ್, ಅಂದರೆ ಜೌಗು ನೆಲದಲ್ಲಿ ಅರೆಕೊಳೆತ ಪಾಚಿಯ ಪುಡಿ. ಹಿಂಡಿದರೆ ಸ್ಪಂಜಿನಂತೆ ನೀರು ಸೋರಿತು. ಎರಡು ಬೆರಳಿನಲ್ಲಿ ಒಂದು ಬೇರು ಹಿಡಿದು ಎಳೆದೆ. ಹೊರಗಿನ ಕಂದು ಸಿಪ್ಪೆ ಕಾಲುಚೀಲದಂತೆ ಕಳಚಿ ಬಂತು, ಒಳಗೆ ಬಿಳಿ ದಾರ ಉಳಿಯಿತು. ಹುಳಿ ವಾಸನೆ. ಅಲ್ಲಿಂದ ಒಂದು ಗೇಣು ಆಚೆ ನನ್ನ ನೆಲದ ಮಣ್ಣು ಕಲ್ಲಿನಂತೆ ಒಣಗಿತ್ತು.

ಅಂದರೆ ಆಗಿದ್ದು ಇಷ್ಟು. ಪೀಟ್ ನೀರನ್ನು ಹಿಡಿದಿಟ್ಟುಕೊಂಡಿತು, ಹನಿಬಾಯಿ ದಿನವೂ ತುಂಬಿಸಿತು, ಬೇರಿಗೆ ಹೊರಗೆ ಹುಡುಕಿಕೊಂಡು ಹೋಗುವ ಕಾರಣವೇ ಇರಲಿಲ್ಲ, ಕೊನೆಗೆ ಉಸಿರು ಕಟ್ಟಿತು. ಮೂರನೆಯ ಗಿಡವನ್ನು ಆ ದಿನವೇ ಎತ್ತಿದೆ. ಬೇರಿನ ಹೊರಗಿನ ಪೀಟನ್ನು ಬಕೆಟ್ ನೀರಿನಲ್ಲಿ ಅಲ್ಲಾಡಿಸಿ ತೊಳೆದೆ, ಜಲ್ಲಿ ಮಿಶ್ರಿತ ದಿಬ್ಬದ ಮೇಲೆ ನೆಟ್ಟೆ, ಒಂದು ವಾರ ಹಳೆಯ ಬಟ್ಟೆ ಕಟ್ಟಿ ನೆರಳು ಮಾಡಿದೆ. ಜುಲೈ ಬಿಸಿಲಿನಲ್ಲಿ ಹಾಗೆ ಮಾಡುವುದು ಅಪಾಯವೇ, ಆದರೆ ಬೇರೆ ದಾರಿ ಇರಲಿಲ್ಲ. ಅದು ಉಳಿಯಿತು. ಮಾರನೆಯ ವರ್ಷ ಐದು ಕಡ್ಡಿ ಹೂ ಬಿಟ್ಟಿತು, ಮಕರಂದ ಹೀರಲು ಹಕ್ಕಿ ಬಂತು. ಬ್ರಾಡ್‌ಟೇಲ್ಡ್ ಹಮ್ಮಿಂಗ್‌ಬರ್ಡ್ ಗಂಡು ಹಕ್ಕಿಯ ರೆಕ್ಕೆಯಿಂದ ಸಣ್ಣ ಗೆಜ್ಜೆಯಂಥ ಸದ್ದು ಬರುತ್ತದೆ. ಆ ಸದ್ದು ಕೇಳಿ ನಾನು ಅಡುಗೆಮನೆಯಿಂದ ಹೊರಗೆ ಓಡಿ ಬಂದಿದ್ದು ಈಗಲೂ ನೆನಪಿದೆ.

ಆಮೇಲಿಂದ ಪ್ರತಿ ಹೊಸ ಗಿಡದ ಬೇರು ತೊಳೆದೇ ನೆಡುತ್ತೇನೆ. ಬುಡ ಸುತ್ತಲಿನ ನೆಲಕ್ಕಿಂತ ಒಂದೆರಡು ಸೆಂಟಿಮೀಟರ್ ಮೇಲಿರಬೇಕು. ಹನಿಬಾಯಿ ಬುಡದಿಂದ 25, 30 ಸೆಂಟಿಮೀಟರ್ ದೂರ. ಇದರಿಂದ ಬೇರು ನೀರನ್ನು ಹುಡುಕಿಕೊಂಡು ಹೊರಗೆ ಹೋಗುತ್ತದೆ, ಬುಡ ಒಣಗಿರುತ್ತದೆ.

ಮಣ್ಣಿನದೇ ತಪ್ಪಾ?

ತಿಳಿಯಲು ಒಂದು ಗುಂಡಿ ಸಾಕು. ಒಂದಡಿ ಆಳ, ಒಂದಡಿ ಅಗಲ. ನೀರು ತುಂಬಿಸಿ, ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಒಂದು ಕಡ್ಡಿ ನಿಲ್ಲಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಗಂಟೆಗೆ 2.5 ಸೆಂಟಿಮೀಟರ್‌ಗಿಂತ ಕಡಿಮೆ ಇಳಿದರೆ ಆ ಜಾಗ ಈ ಗಿಡಕ್ಕೆ ಆಗುವುದಿಲ್ಲ. ಎರಡನೆಯ ಸಲ ತುಂಬಿಸಿದಾಗಿನ ಲೆಕ್ಕವೇ ಲೆಕ್ಕ. ಒಣ ಮಣ್ಣು ಮೊದಲ ಸಲ ಎಲ್ಲವನ್ನೂ ಗಬಗಬ ಕುಡಿದುಬಿಡುತ್ತದೆ, ಅದನ್ನು ನಂಬಿ ಮೋಸ ಹೋಗುತ್ತೇವೆ.

ಜೇಡಿಮಣ್ಣು ಅಂತ ಗೊತ್ತಾದರೆ ಅದಕ್ಕೆ ಎರಡು ಬುಟ್ಟಿ ಮರಳು ಬೆರೆಸುವ ಕೆಲಸಕ್ಕೆ ಹೋಗಬೇಡಿ. ಸ್ವಲ್ಪ ಮರಳು ಸೇರಿದ ಜೇಡಿ ಒಣಗಿದಾಗ ಇನ್ನೂ ಗಟ್ಟಿಯಾಗುತ್ತದೆ. ಗುಂಡಿ ತೋಡಿ ಅದಕ್ಕೆ ಮಾತ್ರ ಒಳ್ಳೆಯ ಮಣ್ಣು ತುಂಬುವುದೂ ಬೇಡ. ಸುತ್ತಲೂ ಜೇಡಿ, ನಡುವೆ ಸಡಿಲ ಮಣ್ಣು ಅಂದರೆ ಅದು ನೀರು ನಿಲ್ಲುವ ಬೋಗುಣಿ. ನೆಲದ ಮೇಲೆ ಕಟ್ಟುವುದು ಸರಿಯಾದ ದಾರಿ. 20, 30 ಸೆಂಟಿಮೀಟರ್ ಎತ್ತರದ ದಿಬ್ಬ ಮಾಡಿ. ಒರಟು ಮರಳು, ಸಣ್ಣ ಜಲ್ಲಿ ಜಾಸ್ತಿ, ಮಣ್ಣು ಕಡಿಮೆ. ಇಳಿಜಾರಾದರೆ ಇನ್ನೂ ಒಳ್ಳೆಯದು. ಮೇಲಿನ ಹೊದಿಕೆಗೂ ಜಲ್ಲಿಯೇ ಆಗಬೇಕು. ಮರದ ತೊಗಟೆ ಚೂರನ್ನು ಬುಡಕ್ಕೆ ಒಟ್ಟುವುದು ಈ ಊರುಗಳಲ್ಲಿ ಬಹಳ ರೂಢಿ. ಬೇರೆ ಗಿಡಗಳಿಗೆ ಒಳ್ಳೆಯದೇ. ಪೆನ್‌ಸ್ಟೆಮನ್ ಬುಡಕ್ಕೆ ಮಾತ್ರ ಅದು ಒದ್ದೆ ಬಟ್ಟೆ ಸುತ್ತಿದಂತೆ.

ಗೊಬ್ಬರ? ಬೇಡ. ಕಾಂಪೋಸ್ಟ್ ಕೂಡ ಬೇಡ. ಹೊಟ್ಟೆ ತುಂಬ ಉಂಡ ಪೆನ್‌ಸ್ಟೆಮನ್ ದಪ್ಪ ಎಲೆ ಬಿಟ್ಟು ಚೆನ್ನಾಗಿ ಕಾಣುತ್ತದೆ. ಆಮೇಲೆ ಕಡ್ಡಿಗಳು ನೆಲಕ್ಕೆ ಒರಗುತ್ತವೆ, ಗಿಡ ಬೇಗ ಮುಗಿಯುತ್ತದೆ. ಕಡ್ಡಿ ಒರಗುತ್ತಿದ್ದರೆ ಕೋಲು ಕಟ್ಟುವ ಮೊದಲು ಗೊಬ್ಬರ, ನೀರು, ನೆರಳು ಈ ಮೂರನ್ನು ಪ್ರಶ್ನಿಸಿ.

ನೀರಿನ ಲೆಕ್ಕ ಹೀಗೆ. ಸಾಲ್ಟ್ ಲೇಕ್ ಸಿಟಿಯಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ ಸುಮಾರು 400 ಮಿಲಿಮೀಟರ್. ಅದರಲ್ಲಿ ಹೆಚ್ಚಿನದು ಚಳಿಗಾಲ ಮತ್ತು ವಸಂತದಲ್ಲಿ. ಬೇಸಿಗೆ ಒಣ. ಗಿಡ ಈ ಲಯಕ್ಕೇ ಹೊಂದಿಕೊಂಡು ಬಂದಿದೆ. ಆದರೆ ಮನೆ ಮುಂದಿನ ಹುಲ್ಲುಹಾಸಿಗೆ ವಾರಕ್ಕೆ ಮೂರು ದಿನ ಸ್ಪ್ರಿಂಕ್ಲರ್ ತಿರುಗುತ್ತದೆ. ಆ ತುಂತುರು ಬೀಳುವ ಅಂಚಿನಲ್ಲಿ ನೆಟ್ಟ ಗಿಡ ಬಾಳುವುದಿಲ್ಲ. ನೆಟ್ಟ ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆಳವಾಗಿ ಕೊಡಿ. ಎರಡನೆಯ ವರ್ಷದಿಂದ ಬೇಸಿಗೆಯಲ್ಲಿ ಎರಡು ಮೂರು ವಾರಕ್ಕೊಮ್ಮೆ ಸಾಕು, ಅದೂ ಬೆರಳಿನ ಪರೀಕ್ಷೆ ಮಾಡಿದ ಮೇಲೆ.

ಬೀಜ ಮೊಳೆಯುತ್ತಿಲ್ಲ

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರೆಲ್ಲ ಬೀಜ ಕೆಟ್ಟದ್ದು ಅಂದುಕೊಂಡಿರುತ್ತಾರೆ. ಹೆಚ್ಚಿನ ಸಲ ಬೀಜ ಚೆನ್ನಾಗಿಯೇ ಇರುತ್ತದೆ, ಬರೀ ಮಲಗಿರುತ್ತದೆ.

ಬೆಟ್ಟದ ಮೇಲೆ ಬೇಸಿಗೆಯ ಕೊನೆಯಲ್ಲಿ ಬೀಜ ಉದುರುತ್ತದೆ. ಆಗಲೇ ಮೊಳೆತರೆ ಎಳೆ ಸಸಿ ಮೊದಲ ಹಿಮಕ್ಕೆ ಸಾಯುತ್ತದೆ. ಆದ್ದರಿಂದ ಬೀಜ ಕಾಯುತ್ತದೆ. ಒದ್ದೆ ಮತ್ತು ಚಳಿ ಎರಡೂ ಒಟ್ಟಿಗೆ, ಇಷ್ಟು ವಾರ ಸಿಕ್ಕ ಮೇಲೆ ಮಾತ್ರ ಎಚ್ಚರವಾಗುತ್ತದೆ. ಇಲ್ಲೊಂದು ಸೊಗಸಾದ ಸಂಗತಿ ಇದೆ. ಒಂದೇ ಜಾತಿಯ ಬೀಜ, ಆದರೆ ಎಲ್ಲಿಂದ ಬಂತು ಅನ್ನುವುದರ ಮೇಲೆ ಈ ಲೆಕ್ಕ ಬದಲಾಗುತ್ತದೆ. ತಗ್ಗಿನ ಬೆಚ್ಚಗಿನ ಮರುಭೂಮಿಯಿಂದ ಬಂದ ಈಟೋನಿಯೈ ಬೀಜಕ್ಕೆ ಕೆಲವೇ ವಾರದ ಚಳಿ ಸಾಕು. ಎತ್ತರದ ಬೆಟ್ಟದ ಬೀಜಕ್ಕೆ ಮೂರು ತಿಂಗಳು, ಅದಕ್ಕಿಂತ ಜಾಸ್ತಿಯೂ ಬೇಕಾಗುತ್ತದೆ. ಅಲ್ಲಿ ಹಿಮ ಕರಗುವುದೇ ತಡ, ಅವಸರದ ಬೀಜ ಅಲ್ಲಿ ಉಳಿಯಲಾರದು. ಆದ್ದರಿಂದ ಬೀಜ ಕೊಳ್ಳುವಾಗ ಯಾವ ಎತ್ತರದಲ್ಲಿ ಆರಿಸಿದ್ದು ಅಂತ ಕೇಳಿ. ಗೊತ್ತಿಲ್ಲ ಅಂದರೆ ಉದ್ದದ ಲೆಕ್ಕವನ್ನೇ ಹಿಡಿಯಿರಿ.

ಫ್ರಿಜ್‌ನಲ್ಲಿ ಮಾಡುವುದಾದರೆ: ಒದ್ದೆ ಮಾಡಿ ಹಿಂಡಿದ ಕಾಗದದ ಟವೆಲ್ ಮೇಲೆ ಬೀಜ ಹರಡಿ, ಮಡಚಿ, ಜಿಪ್ ಚೀಲಕ್ಕೆ ಹಾಕಿ. 1ರಿಂದ 4 ಡಿಗ್ರಿ. ಎಂಟರಿಂದ ಹನ್ನೆರಡು ವಾರ. ವಾರಕ್ಕೊಮ್ಮೆ ತೆರೆದು ನೋಡಿ. ಬೀಜ ಒಣಗಿದರೆ ಚಳಿಯ ಕೆಲಸ ನಿಂತುಹೋಗುತ್ತದೆ. ಒಳಗೇ ಬಿಳಿ ಬೇರು ಇಣುಕಿದರೆ ತಕ್ಷಣ ನೆಡಿ.

ಸೋಲುವುದು ಎಲ್ಲಿ ಅಂತ ಕೇಳಿದರೆ ನಾಲ್ಕು ಕಡೆ. ಒಣ ಬೀಜವನ್ನು ಪೊಟ್ಟಣದಲ್ಲೇ ಫ್ರಿಜ್‌ಗೆ ಹಾಕುವುದು ಮೊದಲನೆಯದು. ಅದು ಬರೀ ಶೇಖರಣೆ, ಚಳಿಗಾಲ ಅಲ್ಲ. ವಾರಗಳ ಲೆಕ್ಕ ಮುಗಿಯುವ ಮೊದಲೇ ಹೊರಗೆ ತೆಗೆಯುವುದು ಎರಡನೆಯದು. ಫ್ರಿಜ್‌ನಿಂದ ತೆಗೆದು ಬಿಸಿ ಜಾಗದಲ್ಲಿ, ಹೀಟ್ ಮ್ಯಾಟ್ ಮೇಲೆ ಇಡುವುದು ಮೂರನೆಯದು. ಟೊಮೆಟೊ ಸಸಿಗೆ ಒಗ್ಗುವ ಬಿಸಿ ಇದಕ್ಕೆ ಆಗದು, 15ರಿಂದ 20 ಡಿಗ್ರಿ ತಂಪಿನಲ್ಲೇ ಮೊಳೆಯಬೇಕು. ಬೀಜವನ್ನು ಆಳಕ್ಕೆ ಹೂಳುವುದು ನಾಲ್ಕನೆಯದು. ಮೇಲೆ 3 ಮಿಲಿಮೀಟರ್ ಸಣ್ಣ ಮರಳು ಉದುರಿಸಿದರೆ ಸಾಕು.

ಇದೆಲ್ಲ ರಗಳೆ ಅನ್ನಿಸಿದರೆ ಅಕ್ಟೋಬರ್, ನವೆಂಬರ್‌ನಲ್ಲಿ ಬೀಜವನ್ನು ದಿಬ್ಬದ ಜಲ್ಲಿಯ ಮೇಲೆ ಎರಚಿಬಿಡಿ. ಹಿಮ ತನ್ನ ಕೆಲಸ ತಾನು ಮಾಡುತ್ತದೆ. ನನ್ನ ಅನುಭವದಲ್ಲಿ ಫ್ರಿಜ್‌ಗಿಂತ ಇದೇ ಚೆನ್ನಾಗಿ ಫಲ ಕೊಟ್ಟಿದೆ. ಚಳಿಗಾಲವೇ ಇಲ್ಲದ ಊರಿನವರಿಗೆ ಮಾತ್ರ ಫ್ರಿಜ್ ಬೇಕೇ ಬೇಕು.

ಮೊಳೆತ ಸಸಿ ಮಣ್ಣಿನ ಮಟ್ಟದಲ್ಲಿ ದಾರದಂತೆ ಸಣ್ಣಗಾಗಿ ಮಗುಚಿ ಬಿದ್ದರೆ ಅದು ಸಸಿ ಕೊಳೆ. ಟ್ರೇ ಮೇಲಿನ ಮುಚ್ಚಳ ತೆಗೆಯಿರಿ, ಗಾಳಿ ಆಡಲಿ, ನೀರನ್ನು ಕೆಳಗಿನ ತಟ್ಟೆಯಿಂದ ಮಾತ್ರ ಕೊಡಿ.

ಹೂವೇ ಇಲ್ಲ

ಬೀಜದಿಂದ ಬಂದ ಗಿಡ ಮೊದಲ ವರ್ಷ ನೆಲಕ್ಕೆ ಅಂಟಿದ ಎಲೆಯ ಚಕ್ರ ಮಾತ್ರ ಮಾಡುತ್ತದೆ. ಹೂವು ಎರಡನೆಯ ವರ್ಷ. ಇದು ದೋಷ ಅಲ್ಲ. ಎರಡನೆಯ ವರ್ಷವೂ ಇಲ್ಲವೆಂದರೆ ಬಿಸಿಲು ಎಣಿಸಿ, ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಶರತ್ಕಾಲದಲ್ಲಿ ತೋಟ ಚೊಕ್ಕ ಮಾಡುವ ಹುರುಪಿನಲ್ಲಿ ಬುಡದ ಎಲೆಚಕ್ರವನ್ನೂ ಕತ್ತರಿಸಿದ್ದೀರಾ? ಮುಂದಿನ ವರ್ಷದ ಹೂಕಡ್ಡಿ ಏಳುವುದು ಅಲ್ಲಿಂದಲೇ.

ಕಡ್ಡಿ ಬಂತು, ಹೂ ಬರಲಿಲ್ಲ ಅಂದರೆ ತುದಿ ನೋಡಿ. ಚಾಕುವಿನಿಂದ ಓರೆಯಾಗಿ ಕತ್ತರಿಸಿದಂತೆ ನುಣುಪಾಗಿದ್ದರೆ ಮೊಲ. ಹರಿದು ನಾರು ಎದ್ದಿದ್ದರೆ ಜಿಂಕೆ, ಅದಕ್ಕೆ ಮೇಲಿನ ಹಲ್ಲು ಮುಂದುಗಡೆ ಇಲ್ಲ, ಕಚ್ಚಿ ಎಳೆದು ಹರಿಯುತ್ತದೆ. ಕಡ್ಡಿ ಪೂರ್ತಿ ಇದ್ದು ಮೊಗ್ಗಿನಲ್ಲಿ ಮಾತ್ರ ಸೂಜಿ ತೂತು, ಪಕ್ಕದಲ್ಲಿ ಕರಿ ಸಾಸಿವೆಯಂಥ ಹಿಕ್ಕೆ ಇದ್ದರೆ ತಂಬಾಕು ಮೊಗ್ಗುಹುಳು. ಹತ್ತಿರದಲ್ಲಿ ಪಿಟ್ಯೂನಿಯಾ ಇದ್ದರೆ ಅಲ್ಲೂ ಹುಡುಕಿ, ಅದರ ಅಚ್ಚುಮೆಚ್ಚಿನ ಊಟ ಅದು. ಮುಸ್ಸಂಜೆಯಲ್ಲಿ ಹುಳು ಹೊರಗೆ ಬರುತ್ತದೆ, ಕೈಯಿಂದಲೇ ಆರಿಸಿ. ಹುಳು ಮೊಗ್ಗಿನೊಳಗೆ ಸೇರಿದ ಮೇಲೆ ಬಿಟಿ (ಬ್ಯಾಕ್ಟೀರಿಯಾದಿಂದ ಮಾಡಿದ ಹುಳುನಾಶಕ) ಸಿಂಪಡಿಸಿದರೂ ಅದಕ್ಕೆ ತಾಗುವುದು ಕಷ್ಟ. ಗಿಡದೊಳಗೆ ಹರಿಯುವ ಕೀಟನಾಶಕವನ್ನು ದಯವಿಟ್ಟು ಮುಟ್ಟಬೇಡಿ. ಅದು ಮಕರಂದಕ್ಕೂ ಸೇರುತ್ತದೆ. ಈ ಕೆಂಪು ಕೊಳವೆಗಳು ಇರುವುದೇ ಹಮ್ಮಿಂಗ್‌ಬರ್ಡ್‌ಗಳಿಗಾಗಿ.

ಎಲೆಯ ಬಣ್ಣ ಬದಲಾಗಿದೆ

ಚಳಿಗಾಲದಲ್ಲಿ ಎಲೆಚಕ್ರ ನೇರಳೆ ಕೆಂಪಾದರೆ ಗಾಬರಿ ಬೇಡ. ಚಳಿಗೆ ಎಲೆ ಆ ಬಣ್ಣ ಮಾಡಿಕೊಳ್ಳುತ್ತದೆ, ವಸಂತದಲ್ಲಿ ಮತ್ತೆ ಹಸಿರಾಗುತ್ತದೆ. ಎಲೆ ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣ ಸಿಗುತ್ತಿಲ್ಲ. ಇಲ್ಲಿನ ಸುಣ್ಣದ ಮಣ್ಣಿನಲ್ಲಿ ಇದು ಎಲ್ಲರ ತೋಟದಲ್ಲೂ ಕಾಣುತ್ತದೆ. ಆದರೆ ಈ ಗಿಡ ಹುಟ್ಟಿದ್ದೇ ಇಂಥ ಮಣ್ಣಿನಲ್ಲಿ. ಆದ್ದರಿಂದ ಕಬ್ಬಿಣದ ಪುಡಿ ತರುವ ಮೊದಲು ಬೇರಿನ ಹತ್ತಿರ ಒದ್ದೆ ನಿಂತಿದೆಯಾ ನೋಡಿ. ಒದ್ದೆ ಬೇರು ಇದ್ದ ಕಬ್ಬಿಣವನ್ನೂ ಎತ್ತಿಕೊಳ್ಳಲಾರದು. ಬಿಳಿ ಹಿಟ್ಟು ಎರಚಿದಂತಿದ್ದರೆ ಬೂದಿ ರೋಗ, ಎಲೆಯ ಕೆಳಗೆ ಕಿತ್ತಳೆ ಪುಡಿ ಇದ್ದರೆ ತುಕ್ಕು ರೋಗ. ರೋಗದ ಎಲೆ ಕಿತ್ತು ದೂರ ಹಾಕಿ, ಗಿಡಗಳ ನಡುವೆ ಜಾಗ ಬಿಡಿ, ತುಕ್ಕು ಇದ್ದರೆ ತಲೆಯ ಮೇಲಿಂದ ನೀರು ಬೀಳುವುದನ್ನು ಮೊದಲು ನಿಲ್ಲಿಸಿ. ಎಲೆ ಮಂಕಾಗಿ ಸಣ್ಣ ಸಣ್ಣ ಬಿಳಿ ಚುಕ್ಕೆ ಬಿದ್ದಿದ್ದರೆ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಬಿದ್ದ ಚುಕ್ಕಿಗಳು ನಡೆದಾಡಿದರೆ ನುಸಿ. ನುಸಿಗೂ ಗಿಡಹೇನಿಗೂ ಬೆಳಿಗ್ಗೆ ಜೋರು ನೀರಿನಿಂದ ಎಲೆ ತೊಳೆದರೆ ಸಾಕು, ಬುಡ ಸಂಜೆಯೊಳಗೆ ಒಣಗುತ್ತದೆ.

ಚಳಿಗಾಲ ದಾಟಲಿಲ್ಲ

ಈಟೋನಿಯೈ ಸೊನ್ನೆಗಿಂತ 25 ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತದೆ. ಅದು ಸತ್ತರೆ ಚಳಿಯನ್ನು ದೂರುವ ಮೊದಲು, ಕರಗಿದ ಹಿಮದ ನೀರು ಬುಡದಲ್ಲಿ ನಿಂತಿತ್ತಾ ಅಂತ ಯೋಚಿಸಿ. ಛಾವಣಿಯಿಂದ ಹಿಮ ಜಾರಿ ಬೀಳುವ ಜಾಗ, ದಾರಿಯ ಹಿಮವನ್ನು ಸಲಿಕೆಯಿಂದ ತಳ್ಳಿ ಗುಡ್ಡೆ ಹಾಕುವ ಜಾಗ, ಎರಡೂ ಕೆಟ್ಟವು. ಪ್ಯಾರಿಯೈ ಮಾತ್ರ ಬೇರೆ. ಅದು ಆರಿಜೋನಾದ ಸೊನೋರನ್ ಮರುಭೂಮಿಯದು, ನಮ್ಮ ಕಡೆಯ ಚಳಿ ಅದಕ್ಕೆ ನಿಜವಾಗಿಯೂ ಜಾಸ್ತಿ. ಇನ್ನು ಮಾರ್ಚ್‌ನಲ್ಲಿ ಗಿಡದ ಬುಡ ಮೇಲೆದ್ದು ಬೇರು ಕಾಣುತ್ತಿದ್ದರೆ ನೆಲ ಹೆಪ್ಪುಗಟ್ಟಿ, ಕರಗಿ, ಅದನ್ನು ಹೊರಗೆ ತಳ್ಳಿದೆ. ಅಂಗೈಯಿಂದ ಮೆಲ್ಲಗೆ ಒತ್ತಿ ಕೂರಿಸಿ, ಸುತ್ತ ಜಲ್ಲಿ ಸರಿಸಿ.

ನಾಲ್ಕನೆಯ ವರ್ಷ ಸತ್ತುಹೋಯಿತು

ಇದನ್ನು ದೋಷದ ಪಟ್ಟಿಗೆ ಸೇರಿಸಲು ಮನಸ್ಸಿಲ್ಲ. ಬಹುವಾರ್ಷಿಕ ಅಂದರೆ ನೂರು ವರ್ಷ ಅಲ್ಲ. ಈಟೋನಿಯೈ ತೋಟದಲ್ಲಿ ಮೂರರಿಂದ ಐದು ವರ್ಷ ಬಾಳಿದರೆ ಅದು ಪೂರ್ಣಾಯುಷ್ಯ. ಪಾಮೆರಿ ಇನ್ನೂ ಬೇಗ ಹೋಗುವುದುಂಟು. ಹಿಂದಿನ ವರ್ಷ ಎಂದಿಲ್ಲದಷ್ಟು ಹೂ ಬಿಟ್ಟು, ತುಂಬ ಬೀಜ ಕಟ್ಟಿ, ಬುಡದಲ್ಲಿ ಹೊಸ ಎಲೆಚಕ್ರ ಬಿಡದೇ ಹೋದ ಗಿಡ ಮುದಿಯಾಗಿ ಸತ್ತಿದೆ. ಆಯುಷ್ಯ ಒಂದೆರಡು ವರ್ಷ ಹೆಚ್ಚಿಸಬೇಕಾದರೆ ಹೂ ಮುಗಿದ ಕೂಡಲೇ ಮುಕ್ಕಾಲು ಪಾಲು ಕಡ್ಡಿ ಕತ್ತರಿಸಿ, ಬೀಜಕ್ಕೆ ಒಂದೆರಡು ಮಾತ್ರ ಬಿಡಿ.

ಆ ಉಳಿದ ಕಡ್ಡಿಯ ಕಾಯಿ ಕಂದಾಗಿ ತುದಿ ಬಿರಿದಾಗ ಬೀಜ ಆರಿಸಿ. ಕೈಗೆ ಕೊಳಕು ಕಾಲುಚೀಲದ ವಾಸನೆ ಹತ್ತುತ್ತದೆ. ಪೆನ್‌ಸ್ಟೆಮನ್ ಬೀಜದ ವಾಸನೆಯೇ ಹಾಗೆ, ಬೂಸಲು ಹಿಡಿದಿದೆ ಅಂತ ಎಸೆಯಬೇಡಿ. ಅರ್ಧ ಬೀಜವನ್ನು ಅಲ್ಲೇ ಜಲ್ಲಿಯ ಮೇಲೆ ಉದುರಿಸಿ. ಮುಂದಿನ ಏಪ್ರಿಲ್‌ನಲ್ಲಿ ಕಳೆ ಕೀಳುವಾಗ ಮಂಡಿಯೂರಿ ಕೂತು ನೋಡಿ. ಎದುರುಬದುರು ಜೋಡಿ ಎಲೆ, ಕಡು ಹಸಿರು, ಅಂಚು ನುಣುಪು, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅಂಥದ್ದನ್ನು ಕೀಳಬೇಡಿ. ಪಕ್ಕದಲ್ಲಿ ಒಂದು ಕಡ್ಡಿ ಚುಚ್ಚಿ ಗುರುತು ಮಾಡಿ.